ಮೆಣಸಿಗೆ ಏಳು ನಿಮಿಷ

‘ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು?’

ಎಫ್‌ಡಿಎ, ಪಿಡಿಒ ಅಂತ ಯಾವುದೇ ಪರೀಕ್ಷೆಗೆ ಓದಿದವರಿಗೂ ಈ ಪ್ರಶ್ನೆ ಬಾಯಿಪಾಠ. ವಾಸ್ಕೋ ಡ ಗಾಮ, 1498, ಕಲ್ಲಿಕೋಟೆ. ಒಂದು ಅಂಕ. ಬಿಇ ಸಿವಿಲ್ ಮುಗಿಸಿದ ಮೇಲೆ ಹುಬ್ಬಳ್ಳಿಯ ಪಿಜಿಯೊಂದರಲ್ಲಿ ಗೋಡೆ ತುಂಬ ಇಸವಿಗಳ ಚೀಟಿ ಅಂಟಿಸಿಕೊಂಡು ನಾನೂ ಎರಡು ವರ್ಷ ಓದಿದೆ. ಎರಡು ಸಲ ಬರೆದೆ, ಎರಡು ಸಲವೂ ಕೂದಲೆಳೆಯಲ್ಲಿ ಹೋಯಿತು. ಆಮೇಲೆ ಅಪ್ಪಯ್ಯನನ್ನು ಒಪ್ಪಿಸಿ, ಶಿಕ್ಷಣ ಸಾಲ ಮಾಡಿ, ಎಂ.ಎಸ್ಸಿ ಓದಲು ಪೋರ್ಚುಗಲ್‌ನ ಲಿಸ್ಬನ್‌ಗೆ ಹೋದೆ. ನನ್ನ ಗೋಡೆಯ ಚೀಟಿಯಲ್ಲಿದ್ದ ಮನುಷ್ಯ ಅದೇ ಊರಲ್ಲಿ ಕಲ್ಲಾಗಿ ಮಲಗಿದ್ದಾನೆ ಎಂಬುದು ವಿಮಾನ ಹತ್ತುವಾಗ ತಲೆಗೆ ಹೊಳೆದೂ ಇರಲಿಲ್ಲ.

ಲಿಸ್ಬನ್‌ನಲ್ಲಿ ಬಾಡಿಗೆ ವಿಪರೀತ. ಕೋಣೆಯ ಬಾಡಿಗೆ ಕೊಟ್ಟ ಮೇಲೆ ತಿಂಗಳ ಕೊನೆಯ ವಾರ ಅನ್ನ-ಮೊಸರಿನಲ್ಲೇ ಕಳೆಯಬೇಕಿತ್ತು. 2024ರ ಮೇ ತಿಂಗಳಲ್ಲಿ, ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಊರು ತೋರಿಸುವ ಒಂದು ಸಣ್ಣ ಸಂಸ್ಥೆಗೆ ಇಂಗ್ಲಿಷ್ ಬಲ್ಲವರು ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಅರ್ಜಿ ಹಾಕಿದೆ. ಮಾಲಕಿ ಎಂಟು ಪುಟದ ಕಾಗದ ಕೈಗಿಟ್ಟು, ‘ಶನಿವಾರ ಬೆಲೇಮ್‌ನಲ್ಲಿ ಒಂದು ಗುಂಪನ್ನು ಕರೆದುಕೊಂಡು ಹೋಗು. ನಾನೂ ಹಿಂದೆ ಬರುತ್ತೇನೆ. ತೊಂಬತ್ತು ನಿಮಿಷ, ಒಂದು ನಿಮಿಷವೂ ಹೆಚ್ಚಾಗಬಾರದು’ ಎಂದಳು. ಕಾಗದದ ಮೂರನೇ ಪುಟದಲ್ಲೇ ಇತ್ತು: ಇಲ್ಲಿಂದ ಹೊರಟ ವಾಸ್ಕೋ ಡ ಗಾಮ ಭಾರತವನ್ನು ಕಂಡುಹಿಡಿದ.

ಒಂದು ಅಂಕದ ಪ್ರಶ್ನೆ ಇಲ್ಲೂ ಬೆನ್ನು ಬಿಟ್ಟಿರಲಿಲ್ಲ.

ಶನಿವಾರಕ್ಕೆ ಮುಂಚೆ ಜಾಗ ನೋಡಿಕೊಂಡು ಬರೋಣವೆಂದು ಗುರುವಾರ ಹದಿನೈದನೇ ನಂಬರಿನ ಟ್ರಾಮ್ ಹತ್ತಿದೆ. ಬೆಲೇಮ್ ಎಂದರೆ ಲಿಸ್ಬನ್‌ನ ಪಶ್ಚಿಮದ ಅಂಚು. ಟೇಗಸ್ ನದಿ ಅಟ್ಲಾಂಟಿಕ್ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ದಂಡೆ. ಅಲ್ಲಿಯವರ ಬಾಯಲ್ಲಿ ಅದು ತೆಜು ನದಿ. ನೋಡಿದ ಕೂಡಲೇ ನನಗೆ ಹೊನ್ನಾವರದ ಶರಾವತಿ ಸೇತುವೆ ನೆನಪಾಯಿತು. ನದಿಯೋ ಸಮುದ್ರವೋ ತಿಳಿಯದಷ್ಟು ಅಗಲ, ಅದೇ ಉಪ್ಪು ಗಾಳಿ. ಒಂದು ಕಡೆ ಕೆಂಪು ಬಣ್ಣದ ತೂಗುಸೇತುವೆ, ಇನ್ನೊಂದು ಕಡೆ ನೀರಿನಲ್ಲೇ ನಿಂತಂತೆ ಕಾಣುವ ಬೆಲೇಮ್ ಗೋಪುರ.

ಗೋಪುರ ಫೋಟೊದಲ್ಲಿ ಕಾಣುವಷ್ಟು ದೊಡ್ಡದಲ್ಲ. ಮೂವತ್ತು ಮೀಟರ್ ಎತ್ತರ, ಅಷ್ಟೆ. ರಾಜ ಒಂದನೇ ಮ್ಯಾನುಯೆಲ್‌ನ ಕಾಲದಲ್ಲಿ, 1514ರ ಸುಮಾರಿಗೆ, ನದಿಯ ಬಾಗಿಲು ಕಾಯಲು ಕಟ್ಟಿಸಿದ್ದು. ಕಟ್ಟಿದಾಗ ಅದು ನೀರಿನ ನಡುವಿನ ಬಂಡೆಯ ಮೇಲಿತ್ತಂತೆ. ಈಗ ದಂಡೆಯೇ ಅದರ ಹತ್ತಿರಕ್ಕೆ ಸರಿದು ಬಂದಿದೆ. ಮೇಲೆ ಕಲ್ಲಿನ ಕುಸುರಿ, ಹಡಗಿನ ಹಗ್ಗದಂತೆ ಹೆಣೆದ ಕಲ್ಲು. ಕೆಳಗೆ ಕೈದಿಗಳನ್ನು ತುಂಬುತ್ತಿದ್ದ ತೇವದ ಕೋಣೆಗಳು. ಎಲ್ಲರೂ ಮೇಲೆ ನೋಡುತ್ತಾರೆ. ನಾನು ನದಿಯ ಕಡೆಗಿರುವ ಕಾವಲು ಗೂಡಿನ ಬುಡದಲ್ಲಿ ಒಂದು ಪ್ರಾಣಿಯ ತಲೆಯನ್ನು ಹುಡುಕುತ್ತಿದ್ದೆ. ಸಿಕ್ಕಿತು. ಐನೂರು ವರ್ಷದ ಗಾಳಿ-ಮಳೆಗೆ ಸವೆದು ಹಂದಿಯ ಮೂತಿಯಂತಾಗಿದೆ. ಅದು ಘೇಂಡಾಮೃಗ, ನಮ್ಮ ದೇಶದ್ದು.

ಗುಜರಾತಿನ ಸುಲ್ತಾನ ಅದನ್ನು ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್‌ನಿಗೆ ಉಡುಗೊರೆಯಾಗಿ ಕೊಟ್ಟ. ಅವನು ಗೋವಾದಿಂದ ಹಡಗಿಗೆ ಹತ್ತಿಸಿ ರಾಜನಿಗೆ ಕಳಿಸಿದ. 1515ರ ಮೇ 20ರಂದು, ಈ ಗೋಪುರ ಇನ್ನೂ ಕಟ್ಟುತ್ತಿರುವಾಗಲೇ, ಅದು ಇಲ್ಲಿ ಬಂದಿಳಿಯಿತು. ಸಾವಿರಕ್ಕೂ ಹೆಚ್ಚು ವರ್ಷ ಯುರೋಪಿನವರು ಜೀವಂತ ಘೇಂಡಾಮೃಗ ನೋಡಿರಲಿಲ್ಲ. ಆನೆಯ ಜೊತೆ ಕಾಳಗಕ್ಕೆ ಬಿಟ್ಟರೆ ಆನೆಯೇ ಓಡಿಹೋಯಿತಂತೆ. ಆಮೇಲೆ ರಾಜ ಅದನ್ನು ಪೋಪರಿಗೆ ಕಾಣಿಕೆ ಕಳಿಸಿದ. ಇಟಲಿಯ ಹತ್ತಿರ ಹಡಗು ಮುಳುಗಿತು. ಸರಪಳಿ ಬಿಗಿದಿದ್ದ ಪ್ರಾಣಿ ಈಜಲೂ ಆಗದೆ ಸತ್ತಿತು. ಜರ್ಮನಿಯ ಚಿತ್ರಕಾರ ಡ್ಯೂರರ್ ಅದನ್ನು ಕಣ್ಣಿಂದ ನೋಡದೆಯೇ, ಬೇರೆಯವರು ಬರೆದ ವರ್ಣನೆ ಮತ್ತು ಗೀರುಚಿತ್ರ ಇಟ್ಟುಕೊಂಡು ಬಿಡಿಸಿದ ಚಿತ್ರ ಜಗತ್ಪ್ರಸಿದ್ಧವಾಯಿತು.

ಇನ್ನೊಂದು ಸಂಗತಿ ಲೆಕ್ಕ ಹಾಕುವಾಗ ಕಣ್ಣಿಗೆ ಬಿತ್ತು. ಗಾಮ ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದ್ದೂ ಮೇ 20ರಂದೇ, 1498ರಲ್ಲಿ. ಸರಿಯಾಗಿ ಹದಿನೇಳು ವರ್ಷದ ಅಂತರ.

ಗೋಪುರದಿಂದ ಹಿಂದಕ್ಕೆ ಕಾಲು ಗಂಟೆ ನಡೆದರೆ ಜೆರೋನಿಮೋಸ್ ಮಠ. ಇದು ಮಾತ್ರ ಫೋಟೊಕ್ಕಿಂತ ದೊಡ್ಡದು. ಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗುವ ಸುಣ್ಣದ ಕಲ್ಲು. ತಾಳೆಮರದಂತೆ ಮೇಲಕ್ಕೆ ಹೋಗಿ ಚಾವಣಿಯಲ್ಲಿ ಗರಿ ಬಿಚ್ಚುವ ಕಂಬಗಳು. ಸಿವಿಲ್ ಓದಿದವಳಾದ್ದರಿಂದ ಇಷ್ಟು ತೆಳ್ಳಗಿನ ಕಂಬದ ಮೇಲೆ ಇಷ್ಟು ದೊಡ್ಡ ಚಾವಣಿ ಹೇಗೆ ಕೂತಿದೆ ಎಂದು ತಲೆಯೆತ್ತಿ ನೋಡುತ್ತಲೇ ಇದ್ದೆ. 1755ರಲ್ಲಿ ಲಿಸ್ಬನ್ ನಗರವನ್ನೇ ಕೆಡವಿದ ಭೂಕಂಪದಲ್ಲೂ ಇದು ನಿಂತಿತು.

1501ರಲ್ಲಿ ಶುರುವಾದ ಈ ಕಟ್ಟಡ ಮುಗಿಯಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ದುಡ್ಡು ಎಲ್ಲಿಂದ? ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ರಾಜ ಇಪ್ಪತ್ತರಲ್ಲಿ ಒಂದು ಪಾಲು ತೆರಿಗೆ ಹಾಕಿದ. ಆ ತೆರಿಗೆಗೆ ಅವರು ಕರೆದ ಹೆಸರೇ ‘ಮೆಣಸಿನ ಇಪ್ಪತ್ತನೇ ಪಾಲು’. ಶೇಕಡಾ ಐದು. ಇದನ್ನು ಓದಿದಾಗ ನಾನು ಕೂತಿದ್ದ ಬೆಂಚಿನಲ್ಲೇ ಸ್ವಲ್ಪ ನೆಟ್ಟಗಾದೆ.

ಯಾಕೆಂದರೆ ನಾನು ಮೆಣಸಿನ ಮನೆಯ ಹುಡುಗಿ. ಹೊನ್ನಾವರ ತಾಲ್ಲೂಕಿನಲ್ಲಿ, ಗೇರುಸೊಪ್ಪೆಯ ಹತ್ತಿರ ನಮ್ಮ ಅಡಿಕೆ ತೋಟ. ಪ್ರತಿ ಅಡಿಕೆ ಮರಕ್ಕೂ ಒಂದೊಂದು ಮೆಣಸಿನ ಬಳ್ಳಿ. ಕೊನೆಗೌಡ ಏಣಿ ಹಾಕಿ ಕೊಯ್ದು ಕೊಟ್ಟ ಗೊಂಚಲನ್ನು ಅಂಗಳದಲ್ಲಿ ತುಳಿದು, ಕಾಳು ಬಿಡಿಸಿ, ಚಾಪೆಯ ಮೇಲೆ ಒಣಗಿಸುವುದು ಬಾಲ್ಯದಿಂದ ನಮ್ಮ ಕೆಲಸ. ಎಳೆ ಹಸಿರು ಕಾಳು ನಾಲ್ಕು ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಆದರೆ ಹಿಂದಿನ ಮಳೆಗಾಲದಲ್ಲಿ ಸೊರಗು ರೋಗ ಬಂತು. ಮೈಲುತುತ್ತ ಹೊಡೆದರೂ ನಿಲ್ಲಲಿಲ್ಲ. ಎಲೆ ಹಳದಿಯಾಗಿ, ಗೆಣ್ಣು ಗೆಣ್ಣೇ ಕಳಚಿ, ಮುಕ್ಕಾಲು ಪಾಲು ಬಳ್ಳಿ ಒಂದೇ ತಿಂಗಳಲ್ಲಿ ಸತ್ತಿತು. ನನ್ನ ಸಾಲದ ಬಡ್ಡಿ ಕಟ್ಟುತ್ತಿದ್ದದ್ದು ಅದೇ ಮೆಣಸಿನ ದುಡ್ಡಿನಲ್ಲಿ. ಬಾಡಿಗೆಗೆ ಮನೆಯಿಂದ ದುಡ್ಡು ಕೇಳಬಾರದು ಎಂದು ನಾನು ಹಟ ಹಿಡಿದದ್ದು ಆಮೇಲೆ.

ಮಠದ ಚರ್ಚಿನ ಬಾಗಿಲು ದಾಟಿದರೆ ಎಡಕ್ಕೆ ಗಾಮನ ಸಮಾಧಿ, ಬಲಕ್ಕೆ ಅವನ ಯಾನದ ಮೇಲೆ ಮಹಾಕಾವ್ಯ ಬರೆದ ಕವಿ ಕಮೊಯಿಶ್‌ನದು. ಗಾಮ ಅಂಗೈ ಜೋಡಿಸಿ ಮಲಗಿದ್ದಾನೆ. ಅವನು ಸತ್ತದ್ದು 1524ರಲ್ಲಿ, ನಮ್ಮ ಕೊಚ್ಚಿಯಲ್ಲಿ. ಅಸ್ಥಿ ಪೋರ್ಚುಗಲ್‌ಗೆ ಬಂದು, ಈ ಮಠ ಸೇರಿದ್ದು 1880ರಲ್ಲಿ. ಜನ ಸಾಲಾಗಿ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಮುಂದೆ ಹೋದರೆ ರಾಜರ ಸಮಾಧಿಗಳು. ಅವುಗಳ ಕಲ್ಲಿನ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ನಮ್ಮಲ್ಲಿ ದೇವಸ್ಥಾನದ ಮೆಟ್ಟಿಲ ಪಕ್ಕ ಆನೆ ನಿಲ್ಲಿಸುತ್ತೇವೆ. ಹೆಣದ ಪೆಟ್ಟಿಗೆ ಹೊರಿಸಿದ್ದನ್ನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅಪ್ಪಯ್ಯನ ಫೋನು. ಊರಲ್ಲಿ ರಾತ್ರಿ ಎಂಟು ಗಂಟೆ, ಊಟಕ್ಕೆ ಮೊದಲಿನ ಸಮಯ. ಹೊರಗೆ ಓಡಿಬಂದು ಎತ್ತಿದೆ. ಎಲ್ಲಿದ್ದೇನೆ, ಈ ಕಟ್ಟಡಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಹಂಗಾರೆ ನಮ್ಮ ಮೆಣಸಿನ ಸುದ್ದಿ ಅಲ್ಲಿ ಎಲ್ಲಾದ್ರೂ ಇದ್ದಾ ತಂಗೀ?’

ಗೊತ್ತಿಲ್ಲೆ ಎಂದೆ. ನೋಡಿ ಹೇಳ್ತೆ ಎಂದೆ.

ಮಠದ ಒಳಾಂಗಣಕ್ಕೆ ಟಿಕೆಟ್ ತೆಗೆದು, ಎರಡು ಅಂತಸ್ತನ್ನೂ ಸುತ್ತಿದೆ. ಕಲ್ಲಿನ ಹಗ್ಗ, ಹಗ್ಗದ ಗಂಟು, ಆಕಾಶದ ಲೆಕ್ಕ ಹಾಕುವ ಗೋಳ, ಎಲೆ, ಹೂವು, ವಿಚಿತ್ರ ಪ್ರಾಣಿಗಳು, ಎಲ್ಲ ಇದ್ದವು. ಸುಮಾರು ಎರಡು ಗಂಟೆ ಹುಡುಕಿದೆ. ಮೆಣಸಿನ ಒಂದು ಗೊಂಚಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ಕಡೆ ಬಳ್ಳಿ ಸಿಕ್ಕಿತೆಂದು ಖುಷಿಯಾಯಿತು. ಹತ್ತಿರ ಹೋದರೆ ದ್ರಾಕ್ಷಿ.

ಮೂರನೆಯದು ನದಿಗೆ ಮುಖ ಮಾಡಿ ನಿಂತ ‘ಪದ್ರಾಂವ್’, ಅನ್ವೇಷಣೆಗಳ ಸ್ಮಾರಕ. ಹಾಯಿ ಬಿಚ್ಚಿದ ಹಡಗಿನ ಆಕಾರ, ಐವತ್ತು ಮೀಟರ್ ದಾಟಿದ ಎತ್ತರ. ಮುಂದೆ ರಾಜಕುಮಾರ ಹೆನ್ರಿ, ಎರಡೂ ಬದಿಗೆ ಸಾಲಾಗಿ ಗಾಮ, ಮೆಗಲನ್, ಅಲ್ಬುಕರ್ಕ್, ಪಾದ್ರಿಗಳು, ನಕ್ಷೆ ಬರೆಯುವವರು, ಕವಿ. ಒಟ್ಟು ಮೂವತ್ತಮೂರು ಮಂದಿ. ಹಳೆಯದೆಂದು ಭಾವಿಸುವವರೇ ಹೆಚ್ಚು, ನಾನೂ ಭಾವಿಸಿದ್ದೆ. ನಿಜವಾಗಿ ಇದು ನಮ್ಮ ಲಿಂಗನಮಕ್ಕಿ ಅಣೆಕಟ್ಟಿನ ಕಾಲದ್ದು. 1940ರಲ್ಲಿ, ಸಲಜಾರ್‌ನ ಸರ್ವಾಧಿಕಾರದಲ್ಲಿ, ಒಂದು ಪ್ರದರ್ಶನಕ್ಕೆ ತಾತ್ಕಾಲಿಕವಾಗಿ ನಿಲ್ಲಿಸಿದ್ದನ್ನು, ಹೆನ್ರಿ ಸತ್ತು ಐನೂರು ವರ್ಷವಾಯಿತೆಂದು 1960ರಲ್ಲಿ ಕಾಂಕ್ರೀಟು-ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಮರುವರ್ಷವೇ ಗೋವಾ ಅವರ ಕೈತಪ್ಪಿತು.

ಸ್ಮಾರಕದ ಎದುರು ನೆಲದ ಮೇಲೆ ಐವತ್ತು ಮೀಟರ್ ಅಗಲದ ದಿಕ್ಸೂಚಿ. ನಡುವೆ ಪ್ರಪಂಚದ ನಕ್ಷೆ, ಪೋರ್ಚುಗೀಸರು ಎಲ್ಲೆಲ್ಲಿಗೆ ಯಾವಾಗ ಹೋದರೆಂಬ ಇಸವಿಗಳು. ಅದು ಆಗಿನ ದಕ್ಷಿಣ ಆಫ್ರಿಕಾ ಸರ್ಕಾರದ, ಅಂದರೆ ವರ್ಣಭೇದದ ಸರ್ಕಾರದ ಉಡುಗೊರೆ. ಮಕ್ಕಳು ಖಂಡದಿಂದ ಖಂಡಕ್ಕೆ ಜಿಗಿಯುತ್ತಿದ್ದರು. ನಾನು ಭಾರತದ ಮೇಲೆ ನಿಂತೆ. ನನ್ನ ಎರಡು ಕಾಲಿನ ಕೆಳಗೇ ನಮ್ಮ ಇಡೀ ಕರಾವಳಿ ಮುಚ್ಚಿಹೋಯಿತು.

ಮೂವತ್ತಮೂರು ಮಂದಿಯಲ್ಲಿ ಹೆಂಗಸು ಒಬ್ಬಳೇ, ಹೆನ್ರಿಯ ತಾಯಿ ಫಿಲಿಪ್ಪಾ. ಆಗ ನನಗೆ ನೆನಪಾದವಳು ಚೆನ್ನಭೈರಾದೇವಿ. ಗೇರುಸೊಪ್ಪೆಯಲ್ಲಿ ಕೂತು ಹದಿನಾರನೇ ಶತಮಾನದಲ್ಲಿ ಅರ್ಧ ಶತಮಾನ ಆಳಿದ ಜೈನ ರಾಣಿ. ಅವಳ ಬಂದರುಗಳಿಂದ ಮೆಣಸು ಹೊರದೇಶಕ್ಕೆ ಹೋಗುತ್ತಿತ್ತು. ಅವಳ ಜೊತೆ ವ್ಯಾಪಾರವನ್ನೂ ಮಾಡಿ ಜಗಳವನ್ನೂ ಆಡಿದ ಪೋರ್ಚುಗೀಸರೇ ಅವಳನ್ನು ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ ಎಂದು ಕರೆದರು. ಕುಮಟಾದ ಹತ್ತಿರ ಹೆದ್ದಾರಿಯಲ್ಲಿ ಹೋಗುವಾಗ ಕಾಣುವ ಮಿರ್ಜಾನ್ ಕೋಟೆ ಅವಳ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಅವಳ ಬಗ್ಗೆ ಯಾವ ಪರೀಕ್ಷೆಯಲ್ಲೂ ನನಗೆ ಒಂದು ಅಂಕದ ಪ್ರಶ್ನೆ ಬಂದಿರಲಿಲ್ಲ. ಪೋರ್ಚುಗೀಸರನ್ನು ಬೈಯುವುದು ಸುಲಭ. ಈ ಮಾತಿಗೆ ಮಾತ್ರ ಅವರು ಹೊಣೆಯಲ್ಲ.

ಶುಕ್ರವಾರ ರಾತ್ರಿ ಎಂಟು ಪುಟದ ಕಾಗದ ಮುಂದಿಟ್ಟುಕೊಂಡು ಕೂತೆ. ಹಾಗೇ ಒಪ್ಪಿಸಿದರೆ ಕೆಲಸ ಸಿಗುತ್ತದೆ. ನನಗೆ ಕೆಲಸ ಬೇಕೇ ಬೇಕು. ಜೊತೆಯಲ್ಲಿದ್ದ ಬ್ರೆಜಿಲ್‌ನ ಹುಡುಗಿ, ಅವಳ ದೇಶವನ್ನೂ ಇದೇ ಜನ 1500ರಲ್ಲಿ ‘ಕಂಡುಹಿಡಿದವರು’, ನನ್ನ ಸಂಕಟ ಕೇಳಿ ನಕ್ಕಳು. ‘ಮೊದಲು ಕೆಲಸ ತಗೋ, ಆಮೇಲೆ ಇತಿಹಾಸ ಸರಿಮಾಡು’ ಎಂದಳು. ಬುದ್ಧಿಮಾತೇ. ಒಪ್ಪಿಕೊಂಡು ಮಲಗಿದೆ.

ಶನಿವಾರ ಹನ್ನೊಂದು ಜನರ ಗುಂಪು. ಗೋಪುರ ಆಯಿತು, ಘೇಂಡಾಮೃಗಕ್ಕೆ ಎಲ್ಲರೂ ಬಾಯಿಬಿಟ್ಟರು. ಮಾಲಕಿ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದಳು. ನೆಲದ ನಕ್ಷೆಯ ಬಳಿ ಬಂದೆವು. ‘ಇಲ್ಲಿಂದ ಹೊರಟ ಗಾಮ...’ ಎಂದು ಶುರುಮಾಡಿದೆ. ಮುಂದಿನ ಮಾತು ಬರಲಿಲ್ಲ. ಮರೆತದ್ದಲ್ಲ.

ಬದಲಿಗೆ ಬಾಯಿಗೆ ಬಂದದ್ದು ಅವನ ದಾರಿಯ ಕಥೆ. 1497ರ ಜುಲೈ 8ರಂದು ನಾಲ್ಕು ಹಡಗು, ಸುಮಾರು ನೂರ ಎಪ್ಪತ್ತು ಜನ ಇದೇ ದಂಡೆಯಿಂದ ಹೊರಟರು. ಆಫ್ರಿಕಾ ಸುತ್ತಿ ಮಲಿಂದಿಗೆ ಬಂದ ಮೇಲೆ, ಅಲ್ಲಿಂದ ಭಾರತಕ್ಕೆ ಹಡಗು ನಡೆಸಿದ್ದು ಆ ಸಮುದ್ರ ಬಲ್ಲ ಒಬ್ಬ ಮಾರ್ಗದರ್ಶಿ. ಮುಂಗಾರಿನ ಗಾಳಿಯ ಲೆಕ್ಕ ಅವನಿಗೆ ಗೊತ್ತಿತ್ತು. ಇಪ್ಪತ್ತಮೂರು ದಿನಕ್ಕೆ ದಡ ಕಾಣಿಸಿದ. ಹಿಂದಿರುಗುವಾಗ ಗಾಮ ನಮ್ಮ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ಹಡಗು ರಿಪೇರಿ ಮಾಡಿಸಿಕೊಂಡು, ಗಾಳಿಗೆ ಕಾಯದೆ ಅಕ್ಟೋಬರ್ ಮೊದಲಿಗೇ ಹೊರಟ. ಅದೇ ಸಮುದ್ರ ದಾಟಲು ಮೂರು ತಿಂಗಳು ಹಿಡಿಯಿತು. ವಸಡು ಊದಿ, ಹಲ್ಲು ಉದುರಿ, ಮೂವತ್ತರಷ್ಟು ಜನ ಸತ್ತರು. ಗಾಮನ ಅಣ್ಣನೂ ಊರು ಮುಟ್ಟುವ ಮೊದಲೇ ತೀರಿಕೊಂಡ. ಹೊರಟವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ವಾಪಸು ಬಂದರು.

ಉಡುಗೊರೆಯ ಕಥೆಯನ್ನೂ ಹೇಳಿದೆ. ಕಲ್ಲಿಕೋಟೆಯ ಸಾಮೂದಿರಿಗೆಂದು ಗಾಮ ಎತ್ತಿಟ್ಟದ್ದು ಹನ್ನೆರಡು ತುಂಡು ಬಟ್ಟೆ, ಆರು ಟೋಪಿ, ಆರು ಕೈತೊಳೆಯುವ ಬೋಗುಣಿ, ಸ್ವಲ್ಪ ಹವಳ, ಸಕ್ಕರೆ, ಎಣ್ಣೆ, ಜೇನುತುಪ್ಪ. ಅರಮನೆಯ ಜನ ನೋಡಿ ನಕ್ಕರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ತರುತ್ತಾನೆ ಎಂದರು. ಇದನ್ನು ಬರೆದಿಟ್ಟವನು ಆ ಯಾನದಲ್ಲೇ ಇದ್ದ ಒಬ್ಬ ಪೋರ್ಚುಗೀಸ. ಗುಂಪು ನಕ್ಕಿತು. ನಾಲ್ಕು ವರ್ಷದ ಮೇಲೆ, 1502ರಲ್ಲಿ, ಅದೇ ಗಾಮ ಟೋಪಿಯ ಬದಲು ಫಿರಂಗಿ ತಂದ. ಮೆಕ್ಕಾದಿಂದ ಹಿಂದಿರುಗುತ್ತಿದ್ದ ಯಾತ್ರಿಕರ ಹಡಗನ್ನು, ಹೆಂಗಸರು ಮಕ್ಕಳೂ ಸೇರಿ ನೂರಾರು ಜನರೊಂದಿಗೆ ಸುಡಿಸಿದ. ಆಗ ಯಾರೂ ನಗಲಿಲ್ಲ. ಕೊನೆಗೆ ಮೆಣಸು, ಗೇರುಸೊಪ್ಪೆ, ನಮ್ಮ ತೋಟ, ಆ ಶೇಕಡಾ ಐದು. ಕಿಸೆಯಲ್ಲಿದ್ದ ನಾಲ್ಕು ಕಾಳು ತೆಗೆದು ಒಬ್ಬೊಬ್ಬರ ಕೈಗೂ ಮುಟ್ಟಿಸಿದೆ. ಆಯಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಉಳಿದಿದ್ದ ನಮ್ಮದೇ ಮೆಣಸು, ಬಳ್ಳಿ ಸಾಯುವ ಮೊದಲಿನದು.

ಗುಂಪಿನಲ್ಲಿ ಪೋರ್ಚುಗಲ್‌ನ ಉತ್ತರದ ಕಡೆಯ ಒಬ್ಬ ವಯಸ್ಸಾದ ಹೆಂಗಸು ತನ್ನ ಅಮೆರಿಕದ ಸೊಸೆಯೊಂದಿಗೆ ಬಂದಿದ್ದರು. ಅವರು ಮೆಣಸಿನ ಕಾಳನ್ನು ಬೆರಳಲ್ಲಿ ಹೊರಳಿಸುತ್ತ, ಸೊಸೆಯ ಮೂಲಕ ನನಗೆ ಒಂದು ಮಾತು ಹೇಳಿಸಿದರು. ಅವರ ಗಂಡ ಅಂಗೋಲಾದ ಯುದ್ಧಕ್ಕೆ ಹೋಗಿ ಬಂದವರು, ಬದುಕಿರುವ ತನಕ ಅದರ ಬಗ್ಗೆ ಮನೆಯಲ್ಲಿ ಬಾಯಿಬಿಡಲಿಲ್ಲ, ಆದರೆ ಈ ಸ್ಮಾರಕದ ಎದುರು ಮಾತ್ರ ಎಂದೂ ಫೋಟೊ ತೆಗೆಸಿಕೊಳ್ಳಲಿಲ್ಲವಂತೆ. ಏನು ಉತ್ತರ ಕೊಡಬೇಕೋ ತಿಳಿಯದೆ ನಾನು ಕೈಮುಗಿದೆ.

ಗಡಿಯಾರ ನೋಡಿದರೆ ನೂರ ಹದಿಮೂರು ನಿಮಿಷ.

ಗುಂಪು ಚದುರಿದ ಮೇಲೆ ಮಾಲಕಿ ಪಕ್ಕದ ಅಂಗಡಿಯಿಂದ ಎರಡು ಪಾಶ್ತೇಲ್ ತಂದಳು. ಬೆಲೇಮ್‌ನ ಹೆಸರಾಂತ ತಿಂಡಿ, ಮೇಲೆ ಚಕ್ಕೆಪುಡಿ ಉದುರಿಸಿ ಕೊಡುತ್ತಾರೆ. ಮಠದಿಂದ ಬಂದ ವಿಧಾನ, 1837ರಿಂದ ಮಾರಾಟ. ಅದರಲ್ಲಿ ಮೊಟ್ಟೆ ಇರುವುದರಿಂದ ನಾನು ತಿನ್ನುವುದಿಲ್ಲ ಎಂದು ಹೇಳುವ ಧೈರ್ಯ ಆ ಹೊತ್ತಿಗೆ ಉಳಿದಿರಲಿಲ್ಲ. ಕೈಯಲ್ಲಿ ಹಿಡಿದು ಕೂತೆ. ಕೆಲಸ ಹೋಯಿತೆಂದೇ ಲೆಕ್ಕ.

‘ನಾನು ಬರೆದುಕೊಟ್ಟದ್ದನ್ನು ನೀನು ಹೇಳಲಿಲ್ಲ’ ಎಂದಳು.

‘ಇಲ್ಲ.’

‘ಇಪ್ಪತ್ತಮೂರು ನಿಮಿಷ ಹೆಚ್ಚಾಯಿತು. ಎರಡನೇ ಗುಂಪು ಬಿಸಿಲಲ್ಲಿ ಕಾಯುತ್ತಿತ್ತು.’ ಸ್ವಲ್ಪ ಹೊತ್ತು ನದಿಯ ಕಡೆ ನೋಡಿದಳು. ‘ಹಡಗು ಸುಟ್ಟದ್ದು ನಮಗೂ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಹೇಳು, ಆದರೆ ಬೇಗ ಹೇಳು. ಮೆಣಸಿಗೆ ಏಳು ನಿಮಿಷ ಕೊಡುತ್ತೇನೆ. ಅದಕ್ಕಿಂತ ಹೆಚ್ಚಿಲ್ಲ.’

ಮುಂದಿನ ಶನಿವಾರದಿಂದ ಕೆಲಸ ಶುರುವಾಯಿತು. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಬಾಡಿಗೆಗೆ ಸಾಕು. ಏಳು ನಿಮಿಷದಲ್ಲಿ ಎಲ್ಲ ಹೇಳುವುದು ಕಷ್ಟ. ಒಂದೊಂದು ವಾರ ಉಡುಗೊರೆಯ ಕಥೆ ಬಿಡುತ್ತೇನೆ, ಒಂದೊಂದು ವಾರ ಅಂಜದೀವ. ಮೆಣಸಿನ ರಾಣಿಯನ್ನು ಈವರೆಗೂ ಬಿಟ್ಟಿಲ್ಲ.

ಈಗ ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದೇನೆ. ಮೊನ್ನೆ ಅಪ್ಪಯ್ಯನ ಬೈಕಿನ ಹಿಂದೆ ಕೂತು ನಗರಬಸ್ತಿಕೇರಿಗೆ ಹೋಗಿದ್ದೆ. ಶರಾವತಿ ಕಣಿವೆಯ ಕಾಡಿನೊಳಗೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ. ಗೇರುಸೊಪ್ಪೆ ಒಂದು ಕಾಲಕ್ಕೆ ದೊಡ್ಡ ಪಟ್ಟಣವಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ನಿಂತಿರುವುದು ಮುಖ್ಯವಾಗಿ ಅದೇ. ಇಷ್ಟು ಹತ್ತಿರವಿದ್ದರೂ ಶಾಲೆಯಲ್ಲಿದ್ದಾಗ ಒಮ್ಮೆ ನೋಡಿದ್ದು ಬಿಟ್ಟರೆ ಆಮೇಲೆ ಹೋಗಿರಲಿಲ್ಲ. ನಾವು ಹೋದಾಗ ಬೇರೆ ಒಬ್ಬರೂ ಇರಲಿಲ್ಲ. ಅಪ್ಪಯ್ಯ ಕಟ್ಟೆಯ ಮೇಲೆ ಕೂತು, ‘ಅಲ್ಲಿ ಹೆಂಗೆ ಹೇಳ್ತೆ, ಹೇಳು ನೋಡನ’ ಎಂದರು.

ಹೇಳಿದೆ, ಕನ್ನಡದಲ್ಲಿ. ಮೊದಲ ಸಲ ಕನ್ನಡದಲ್ಲಿ ಹೇಳುತ್ತಿದ್ದುದರಿಂದ ಅಲ್ಲಲ್ಲಿ ತಡವರಿಸಿತು. ಏಳು ನಿಮಿಷ ದಾಟಿದ್ದು ಗೊತ್ತಾದರೂ ನಿಲ್ಲಿಸಲಿಲ್ಲ. ಅಪ್ಪಯ್ಯ ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ಆ ಕಾಲದಲ್ಲಿ ಮೆಣಸಿನ ರೇಟು ಎಷ್ಟಿತ್ತು?

ಅದು ನನ್ನ ಎಂಟು ಪುಟದಲ್ಲಿ ಇರಲಿಲ್ಲ. ವಾಪಸು ಹೋಗುವಾಗ ಅವರು ದಾರಿಯಲ್ಲಿ ನರ್ಸರಿಯೊಂದರ ಮುಂದೆ ಬೈಕು ನಿಲ್ಲಿಸಿ, ಮಳೆಗಾಲಕ್ಕೆ ಬೇಕೆಂದು ಇನ್ನೂರು ಮೆಣಸಿನ ಸಸಿಗೆ ಮುಂಗಡ ಕೊಟ್ಟರು.